ಪ್ರತಿ: ಬಿಪಿ ಮಾತ್ರೆಗೂ ಶ್ವಾಸಕೋಶಕ್ಕೂ ಏನು ಸಂಬಂಧ?

ರಾಮಿಪ್ರಿಲ್ ಅನ್ನೋ ಬಿಪಿ ಮಾತ್ರೆ ಶುರುವಾದ ಮೇಲೆ ಮೂಡಿಗೆರೆಯಲ್ಲಿರೋ ನಿಮ್ಮ ಅಪ್ಪಾಜಿಗೆ ಒಣಕೆಮ್ಮು ಯಾಕೆ ಅಂತ ಕೇಳಿದ್ದೀರಿ. ಸಂಬಂಧ ಇದೆ ನೋಡಿ. ಶ್ವಾಸಕೋಶದ ಸಣ್ಣ ರಕ್ತನಾಳಗಳ ಒಳಪದರದಲ್ಲಿ ಎಸಿಇ ಅನ್ನೋ ಕಿಣ್ವ ಹೇರಳವಾಗಿದೆ. ರಕ್ತದಲ್ಲಿ ಹರಿದುಬರುವ ಆಂಜಿಯೋಟೆನ್ಸಿನ್-1 ಅನ್ನೋ ವಸ್ತುವಿನ ತುದಿಯಿಂದ 2 ಅಮೈನೋ ಆಮ್ಲ ಕತ್ತರಿಸಿ ಆಂಜಿಯೋಟೆನ್ಸಿನ್-2 ಮಾಡೋದು ಅದೇ. ಈ ಆಂಜಿಯೋಟೆನ್ಸಿನ್-2 ರಕ್ತನಾಳ ಬಿಗಿಸಿ ಬಿಪಿ ಏರಿಸುತ್ತೆ. ನಾಳ ಸಡಿಲಿಸುವ ಬ್ರಾಡಿಕೈನಿನ್ ಅನ್ನೋ ವಸ್ತುವನ್ನು ಒಡೆಯೋದೂ ಅದೇ ಎಸಿಇ ಕಿಣ್ವ. ರಾಮಿಪ್ರಿಲ್ ಈ ಕಿಣ್ವವನ್ನು ತಡೆದಾಗ ಬಿಪಿ ಇಳಿಯುತ್ತೆ, ಆದರೆ ಬ್ರಾಡಿಕೈನಿನ್ ಉಳಿದುಕೊಂಡು ಗಂಟಲು ಕೆರಳಿಸುತ್ತೆ. ಕೆಮ್ಮಿಗೆ ಮುಖ್ಯ ಕಾರಣ ಇದೇ ಅಂತಾರೆ.

ಮಲೆನಾಡಿನ ಥಂಡಿ ಅಂದುಕೊಂಡು ಮೆಣಸಿನ ಕಷಾಯ ಕುಡಿಸುತ್ತಾ ಕೂರಬೇಡಿ, ಈ ಕೆಮ್ಮು ಅದಕ್ಕೆ ಬಗ್ಗಲ್ಲ. ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ. ಡಾಕ್ಟರಿಗೆ ಹೇಳಿ, ಸಾಮಾನ್ಯವಾಗಿ ಟೆಲ್ಮಿಸಾರ್ಟನ್ ಥರದ ಬೇರೆ ಬಿಪಿ ಮಾತ್ರೆಗೆ ಬದಲಿಸುತ್ತಾರೆ. ಆಮೇಲೂ ಕೆಮ್ಮು ಪೂರ್ತಿ ಹೋಗೋಕೆ ಕೆಲವು ವಾರ ಹಿಡಿಯಬಹುದು.