ಅರ್ಧಕ್ಕೆ ನಿಂತ ಮಾತು

ತಮ್ಮ ದೊಡ್ಡಪ್ಪ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವರು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದರು. ವಯಸ್ಸು 45ರ ಆಸುಪಾಸು, ಹಾಸನದಲ್ಲಿ ಸ್ವಂತ ಅಂಗಡಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಕರೆದುಕೊಂಡು ಬಂದದ್ದು ಹೆಂಡತಿ. ರಾತ್ರಿ ಎರಡು ಗಂಟೆಯವರೆಗೂ ಮೊಬೈಲಿನಲ್ಲಿ 1971ರ ಯುದ್ಧದ ವಿಡಿಯೋ ನೋಡುತ್ತಾರೆ, ಮಕ್ಕಳ ಮೇಲೆ ಸುಮ್ನೆ ರೇಗುತ್ತಾರೆ ಅಂದರು. ಅವರು ತಲೆ ಎತ್ತದೆ ಒಂದೇ ಮಾತು ಹೇಳಿದರು: "ಎಲ್ಲರೂ ಕೇಳ್ತಾರೆ ಮೇಡಂ, ದೊಡ್ಡಪ್ಪ ತಾನೇ, ಅಪ್ಪ ಅಲ್ವಲ್ಲ ಅಂತ."

ಆರು ವರ್ಷದವರಿದ್ದಾಗ ಅಪ್ಪ ಹೋದರು. ಬೆಳೆಸಿದ್ದು ದೊಡ್ಡಪ್ಪ. ಸೈನ್ಯದಿಂದ ಪಿಂಚಣಿ ಬಂದ ಮೇಲೆ ಅವರು ಹಾಸನದಲ್ಲಿ ಬ್ಯಾಂಕಿನ ಗನ್‌ಮ್ಯಾನ್ ಆಗಿದ್ದರು. ಹುಡುಗ ಅವರ ಮನೆಯಲ್ಲೇ ಇದ್ದು ಓದಿದ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಶೂ ಪಾಲಿಶ್ ಹಾಕೋದು ಕಲಿಸಿದವರು ಅವರು. ಹಾಸಿಗೆ ಮಡಿಸೋದು, ಹತ್ತು ನಿಮಿಷ ಮೊದಲೇ ಬಸ್‌ಸ್ಟ್ಯಾಂಡ್ ಸೇರೋದು ಕೂಡ. ಇದನ್ನೆಲ್ಲ ಹೇಳುವಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಆದರೆ ತಿಥಿ ಕಾರ್ಯದ ದಿನ ದೊಡ್ಡಪ್ಪನ ಮಕ್ಕಳು ಮುಂದೆ ಕೂತರು, ಇವರು ಹಿಂದೆ ನಿಂತು ಬಡಿಸುವ ಕೆಲಸ ನೋಡಿಕೊಂಡರು. ಅಳೋಕೂ ಒಂದು ಜಾಗ ಬೇಕು. ಅವರಿಗೆ ಅದು ಸಿಗಲಿಲ್ಲ.

ದುಃಖ ಇದೊಂದೇ ಅಲ್ಲ ಅಂತ ನನಗೆ ಎರಡನೇ ಭೇಟಿಯಲ್ಲಿ ಗೊತ್ತಾಯಿತು.

ದೊಡ್ಡಪ್ಪ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಪಕ್ಕದ ಅದೇ ಪಡೆಯ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರದಲ್ಲಿ ತರಬೇತಿ ಪಡೆದವರು. ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲದಲ್ಲಿ ಹುದುಗಿಸಿದ ಮೈನ್ ತೆಗೆಯೋದು ಸ್ಯಾಪರ್‌ಗಳ ಕೆಲಸ. ಯುದ್ಧ 1971ರ ಡಿಸೆಂಬರ್ 3ಕ್ಕೆ ಶುರುವಾಯಿತು. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, 17ಕ್ಕೆ ಪಶ್ಚಿಮದ ಗಡಿಯಲ್ಲೂ ಗುಂಡಿನ ಸದ್ದು ನಿಂತಿತು. ಮೈನ್‌ಗಳಿಗೆ ಕದನ ವಿರಾಮ ಗೊತ್ತಾಗೋದಿಲ್ಲ. ಅವನ್ನು ಹುಡುಕೋಕೆ ಮಂಡಿಯೂರಿ, ಸಲಾಕೆಯಿಂದ ಇಂಚಿಂಚೇ ಮಣ್ಣು ಚುಚ್ಚಿ ನೋಡಬೇಕು. 22ರ ಹುಡುಗ ಆಗಿದ್ದ ದೊಡ್ಡಪ್ಪ ಪಶ್ಚಿಮದಲ್ಲಿದ್ದರು.

ಮನೆಯಲ್ಲಿ ಅವರು ಹೇಳುತ್ತಿದ್ದದ್ದು ನಗಿಸುವ ಕಥೆಗಳು ಮಾತ್ರ. ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ, ರಜೆಗೆ ಬರುವಾಗ ನಿದ್ದೆ ಹೋಗಿ ಅರಸೀಕೆರೆ ಸ್ಟೇಷನ್ ದಾಟಿಹೋದದ್ದು, ಇಂಥವು. ಕೊನೆಗಾಲದಲ್ಲಿ ಅರಸೀಕೆರೆ ಕಡೆಯ ಊರಿನ ಮನೆಯಲ್ಲೇ ಇದ್ದರು. ಇವರು ಪ್ರತಿ ಶನಿವಾರ ಹೋಗಿ ಉಳಿಯುತ್ತಿದ್ದರು. ಒಂದು ರಾತ್ರಿ ದೊಡ್ಡಪ್ಪ ಎದ್ದು ಕೂತರು. "ಯುದ್ಧ ಮುಗೀತು ಅಂದ್ರು ಕಣೋ. ಮಾರನೇ ಬೆಳಿಗ್ಗೆ ನಾವಿಬ್ಬರು ಹೋದ್ವಿ..." ಅಂದರು. ದನಿ ನಡುಗುತ್ತಿತ್ತು. ಇವರು ಗಾಬರಿಯಾಗಿ, "ಬಿಡಿ ದೊಡ್ಡಪ್ಪ, ಈಗ್ಯಾಕೆ ಅದೆಲ್ಲ, ಬಿಪಿ ಜಾಸ್ತಿ ಆಗುತ್ತೆ, ಮಲಗಿ" ಅಂದರು. ದೊಡ್ಡಪ್ಪ "ಹ್ಞೂಂ" ಅಂದು ಮಲಗಿದರು. ಐದು ವಾರಕ್ಕೆ ಹೋಗಿಬಿಟ್ಟರು.

"ಐವತ್ತು ವರ್ಷ ಒಳಗಿಟ್ಟಿದ್ದರು ಮೇಡಂ. ಹೇಳೋಕೆ ಬಂದಾಗ ನಾನು ಬಾಯಿ ಮುಚ್ಚಿಸಿದೆ."

ಇಲ್ಲಿ ನಾನೊಂದು ತಪ್ಪು ಮಾಡಿದೆ. "ನಿಮ್ಮದೇನೂ ತಪ್ಪಿಲ್ಲ" ಅಂತ ತಕ್ಷಣ ಸಮಾಧಾನ ಹೇಳಿದೆ. ಅವರ ಬಾಯಿ ಕಟ್ಟಿತು. ಆ ರಾತ್ರಿ ಅವರು ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೆ. ಮುಂದಿನ ವಾರ ಅದನ್ನು ಒಪ್ಪಿಕೊಂಡು ಬೇರೆ ಪ್ರಶ್ನೆ ಕೇಳಿದೆ: ಆಗ ನಿಮಗೆ ಯಾವುದಕ್ಕೆ ಭಯ ಆಯಿತು? ತುಂಬ ಹೊತ್ತು ಸುಮ್ಮನಿದ್ದು, "ಅವರು ಅಳೋದನ್ನ ನಾನು ಯಾವತ್ತೂ ನೋಡಿರಲಿಲ್ಲ" ಅಂದರು. ಅವತ್ತು ಅವರು ಅತ್ತರು. ನಾನು ತಡೆಯಲಿಲ್ಲ.

ಅಳು ನಿಂತ ಮೇಲೆ ಇನ್ನೊಂದು ನೆನಪು ಬಂತು. ದೊಡ್ಡಪ್ಪ ತೋಟದಲ್ಲಿ ಹೊಸದಾಗಿ ಅಗೆದ ಮಣ್ಣಿನ ಮೇಲೆ ಕಾಲಿಡುತ್ತಿರಲಿಲ್ಲ. ಸುತ್ತುಬಳಸಿ ಹೋಗುತ್ತಿದ್ದರು. ಬಿತ್ತಿದ ನೆಲ ತುಳಿಯಬಾರದು ಅಂತ ಇರಬೇಕು ಎಂದು ಮಕ್ಕಳೆಲ್ಲ ಅಂದುಕೊಂಡಿದ್ದರು.

ನಾನು ಕೊಟ್ಟ ಸಲಹೆ ಜಾಸ್ತಿ ಏನಲ್ಲ. ಮೂರು ತಿಂಗಳ ದುಃಖ ಕಾಯಿಲೆ ಅಲ್ಲ ಅಂತ ಮೊದಲು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ, ಬದುಕನ್ನೇ ನಿಲ್ಲಿಸುವಂಥ ದುಃಖ ಕನಿಷ್ಠ 6 ತಿಂಗಳು ಇದ್ದರೆ ಮಾತ್ರ ಅದನ್ನು ಕಾಯಿಲೆ ಅಂತ ನೋಡುತ್ತಾರೆ. ಆದರೆ ನಿದ್ದೆ ಪೂರ್ತಿ ಕೆಟ್ಟರೆ, ಕುಡಿತ ಹೆಚ್ಚಾದರೆ, ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಮನೋವೈದ್ಯರನ್ನು ನೋಡಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು. ಕನ್ನಡದಲ್ಲೇ ಮಾತಾಡಬಹುದು.

ವಿಡಿಯೋ ನಿಲ್ಲಿಸಿ ಅಂದೆ. ದೊಡ್ಡಪ್ಪ ಹೇಳದೇ ಉಳಿದದ್ದು ಅದರಲ್ಲಿ ಸಿಗೋದಿಲ್ಲ. ಅದು ಅವರದ್ದು, ಅವರ ಜೊತೆ ಹೋಯಿತು. ಹೇಳಿದ್ದು ಮಾತ್ರ ನಿಮ್ಮದು, ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕೊಬ್ಬರಿ ಎಣ್ಣೆಯ ಕಥೆಯನ್ನೂ ಬಿಡಬೇಡಿ ಅಂದೆ. ಹಾಗೇ ಆ ರಾತ್ರಿಯ ವಿಷಯ ದೊಡ್ಡಮ್ಮನಿಗೆ ಹೇಳಿ ಅಂತಲೂ ಹೇಳಿದೆ. ಇದಕ್ಕೆ ಅವರು ಎರಡು ವಾರ ಒಪ್ಪಲಿಲ್ಲ.

ಇನ್ನೊಂದು ತುರ್ತು ಇತ್ತು. ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆದ ದೊಡ್ಡಪ್ಪನ ಕಬ್ಬಿಣದ ಟ್ರಂಕಿನ ಕೀ ಇವರ ಹತ್ತಿರವೇ ಇತ್ತು. ತೆಗೆಯೋಕೆ ಕೈ ಬರುತ್ತಿರಲಿಲ್ಲ. ದೊಡ್ಡಮ್ಮನ ಕುಟುಂಬ ಪಿಂಚಣಿಗೆ ಬೇಕಾದ ಡಿಸ್ಚಾರ್ಜ್ ಪುಸ್ತಕ, ಪಿಪಿಒ (ಪಿಂಚಣಿ ಪಾವತಿ ಆದೇಶ ಪತ್ರ) ಎರಡೂ ಅದರೊಳಗೇ ಇದ್ದವು. ಬ್ಯಾಂಕಿಗೆ ಸಾವಿನ ವಿಷಯ ತಿಳಿಸದೆ ಇದ್ದರೆ ಜಾಸ್ತಿ ಬಂದ ಹಣವನ್ನು ಆಮೇಲೆ ವಾಪಸ್ ಕಟ್ಟಬೇಕಾಗುತ್ತದೆ. ಅಣ್ಣಂದಿರನ್ನು ಕೂರಿಸಿಕೊಂಡೇ ಟ್ರಂಕು ತೆಗೆಯಿರಿ ಅಂದೆ. ಮರಣ ಪತ್ರದ ಜೊತೆ ಬ್ಯಾಂಕಿಗೂ ಸೈನಿಕ ಕಲ್ಯಾಣ ಕಚೇರಿಗೂ ಹೋಗಿ, ಈಗ ಸೈನ್ಯದ ಪಿಂಚಣಿ ನಡೆಯೋದು 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ, ಅಲ್ಲಿ ಅರ್ಜಿ ಹಾಕೋಕೆ ಸಹಾಯ ಕೇಳಿ ಅಂತ ತಿಳಿಸಿದೆ.

ಟ್ರಂಕು ತೆಗೆದ ದಿನವೇ ದೊಡ್ಡಮ್ಮನಿಗೂ ಹೇಳಿದರು. ಬೈಯುತ್ತಾರೆ ಅಂದುಕೊಂಡಿದ್ದರು. ಅವರು ಸೆರಗಿನಿಂದ ಮೆಡಲ್ ಒರೆಸುತ್ತಾ, "ನಂಗೆ ಒಂದು ದಿನಾನೂ ಶುರು ಮಾಡ್ಲಿಲ್ಲ ಕಣಪ್ಪ. ರಾತ್ರಿ ಎದ್ದು ಜಗಲಿ ಮೇಲೆ ಕೂರೋರು, ನಾನು ಕಾಫಿ ಕೊಟ್ಟು ಒಳಕ್ಕೆ ಬರ್ತಿದ್ದೆ. ನಿನ್ನ ಹತ್ರ ಆದ್ರೂ ಶುರು ಮಾಡಿದ್ರಲ್ಲ" ಅಂದರಂತೆ.

ಪಿತೃಪಕ್ಷಕ್ಕೆ ಎಡೆ ಇಡುವಾಗ ದೊಡ್ಡಮ್ಮ ಇವರನ್ನೂ ಮಕ್ಕಳ ಸಾಲಿನಲ್ಲೇ ಕೂರಿಸಿದರು. ಮಿಲಿಟರಿ ಕ್ಯಾಂಟೀನಿನ ರಮ್ ಇಟ್ಟದ್ದು ಇವರೇ. ಹೊಳೆಯುವ ಹಾಗೆ ಪಾಲಿಶ್ ಹಾಕಿದ ಶೂ ಕೂಡ ಗೋಡೆ ಪಕ್ಕ ಇಟ್ಟರಂತೆ.

ಹೋದ ತಿಂಗಳು ಫೋನ್ ಮಾಡಿದ್ದರು. ಪಿಂಚಣಿ ಬರೋಕೆ ಶುರುವಾಗಿದೆ. ಕೆಲವು ಶನಿವಾರ ಈಗಲೂ ನಿದ್ದೆ ಬರೋದಿಲ್ಲವಂತೆ. ನೋಟ್‌ಬುಕ್ಕು ಅರ್ಧ ತುಂಬಿದೆ. ಒಂದು ಪುಟದಲ್ಲಿ "ಮಾರನೇ ಬೆಳಿಗ್ಗೆ ನಾವಿಬ್ಬರು ಹೋದ್ವಿ" ಅಂತ ಬರೆದು, ಉಳಿದ ಜಾಗ ಖಾಲಿ ಬಿಟ್ಟಿದ್ದಾರೆ. ಓದು ಬಾರದ ದೊಡ್ಡಮ್ಮ, ಇವರು ಊರಿಗೆ ಹೋದಾಗಲೆಲ್ಲ ಆ ಪುಟ ಓದಿಸಿಕೊಳ್ಳುತ್ತಾರಂತೆ.