ಬೋಟ್ ಟ್ರೇಲರ್ ಎಳೆಯಲು ಸ್ಕಾರ್ಪಿಯೋಗೆ ಯಾವ ಹಿಚ್ ಹಾಕಿಸಬೇಕು?

ಗೋವಾದ ಪೋಂಡಾದಲ್ಲಿದ್ದೀರಿ, ಹಳೇ ಸ್ಕಾರ್ಪಿಯೋ ಇದೆ, ಹದಿನಾರು ಅಡಿಯ ಫೈಬರ್ ಬೋಟ್ ಈಗ ತಗೊಂಡಿದ್ದೀರಿ. ಟ್ರೇಲರ್ ಎಳೆಯಲು ಗಾಡಿಯ ಹಿಂದೆ ಕೂರಿಸುವ ಕೊಂಡಿ, ಅಂದರೆ ಹಿಚ್, ಎರಡು ಟನ್ನಿನದು ಸಾಕೋ, ಮೂರು ಟನ್ನಿನದೇ ಬೇಕೋ ಎಂದು ಕೇಳಿದ್ದೀರಿ. ನಾನು ಗದಗ ಕಡೆಯವನು, ವಾಸ್ಕೊದಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುತ್ತೇನೆ. ಟನ್ನಿನ ಲೆಕ್ಕ ಆಮೇಲೆ. ಮೊದಲು ಟ್ರೇಲರ್‌ನ ಮೂತಿ ನೋಡಿ.

ಹಿಚ್‌ನ ಗುಂಡಿನ (ಬಾಲ್) ಮೇಲೆ ಕೂರುವ, ಟ್ರೇಲರ್ ಮೂತಿಯ ಕಪ್ಲರ್ ಇದೆಯಲ್ಲ, ಅದರ ಮೇಲೆ ಗುಂಡಿನ ಅಳತೆ ಒತ್ತಿರುತ್ತದೆ. ಪೇಂಟ್ ಮುಚ್ಚಿದ್ದರೆ ವೈರ್ ಬ್ರಶ್‌ನಿಂದ ಉಜ್ಜಿ. ಯುರೋಪಿನ ಅಳತೆ 50 ಮಿ.ಮೀ. ಅಮೆರಿಕದ್ದು 2 ಇಂಚು, ಅಂದರೆ 50.8. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ 2 ಇಂಚಿನ ಕಪ್ಲರನ್ನು 50ರ ಗುಂಡಿಗೆ ಹಾಕಿದರೆ ಒಳಗೆ ಸಡಿಲ ಉಳಿಯುತ್ತದೆ.

ನನ್ನ ಟ್ರೇಲರ್‌ಗೆ ಹಾಗೇ ಆಗಿತ್ತು. ಹಿಚ್ ಕೂರಿಸಿದವರು "ಏನೂ ಆಗಲ್ಲ" ಅಂದರು, ನಾನೂ ನಂಬಿದೆ. ಚಿಕಲಿಮ್ ಹತ್ತಿರ ಒಂದು ಹಂಪ್ ದಾಟುವಾಗ ಟಣ್ ಎಂದಿತು. ಕನ್ನಡಿಯಲ್ಲಿ ನೋಡಿದರೆ ಬೋಟಿನ ಮೂತಿ ಕೆಳಗಿಳಿದಿದೆ. ಸೇಫ್ಟಿ ಚೈನ್ ಎರಡನ್ನೂ ಅಡ್ಡಡ್ಡ ದಾಟಿಸಿ ಕಟ್ಟಿದ್ದೆ. ಟ್ರೇಲರ್‌ನ ಮೂತಿ ರಸ್ತೆಗೆ ಬಡಿಯದೆ ಆ ಚೈನ್‌ಗಳ ಮೇಲೆಯೇ ಕೂತಿತು. ಹಿಂದೆ ಸ್ಕೂಟರ್‌ನಲ್ಲಿ ತಾಯಿ ಮಗು ಬರುತ್ತಿದ್ದರು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ತೂಕ. ಮೂರು ಟನ್ ಹಿಚ್ ಹಾಕಿಸಿದ ಮಾತ್ರಕ್ಕೆ ಗಾಡಿ ಮೂರು ಟನ್ ಎಳೆಯುವುದಿಲ್ಲ. ಗಾಡಿ, ಹಿಚ್, ಗುಂಡು, ಕಪ್ಲರ್, ಇವುಗಳಲ್ಲಿ ಯಾವುದರ ತಾಕತ್ತು ಕಡಿಮೆಯೋ ಅಷ್ಟೇ ನಿಮ್ಮ ಮಿತಿ. ಬೋಟನ್ನು ಇಂಜಿನ್, ಪೆಟ್ರೋಲ್, ಆಂಕರ್ ಸಮೇತ ಟ್ರೇಲರ್ ಮೇಲಿಟ್ಟು ವೇ ಬ್ರಿಜ್‌ನಲ್ಲಿ ತೂಗಿಸಿ. ನನ್ನದು 650 ಕಿಲೋ ಬಂತು. ನಿಮ್ಮದೂ ಅಷ್ಟರ ಆಸುಪಾಸಿನಲ್ಲಿದ್ದರೆ ಎರಡು ಟನ್ನಿನ ಹಿಚ್ ಧಾರಾಳ.

ಜನ ಮರೆಯುವುದು ಮೂತಿಯ ಭಾರವನ್ನು. ಒಟ್ಟು ತೂಕದ ನೂರಕ್ಕೆ ಏಳರಿಂದ ಹತ್ತು ಪಾಲು ಗುಂಡಿನ ಮೇಲೆ ಬೀಳಬೇಕು. 650 ಕಿಲೋಗೆ 45ರಿಂದ 65. ಅಳೆಯಲು ಮನೆಯ ತೂಕದ ಮಷಿನ್ನೇ ಸಾಕು. ಗುಂಡಿನ ಎತ್ತರಕ್ಕೆ ಮರದ ತುಂಡು ಕತ್ತರಿಸಿ ಮಷಿನ್ ಮೇಲೆ ನಿಲ್ಲಿಸಿ, ಅದರ ಮೇಲೆ ಕಪ್ಲರ್ ಇಳಿಸಿ. ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೀಬೇಡಿ. ಭಾರ ಕಡಿಮೆ ಬಂದರೆ ಬೋಟನ್ನು ಒಂದಿಷ್ಟು ಮುಂದೆ ಸರಿಸಿ, ಇಲ್ಲದಿದ್ದರೆ ಸ್ಪೀಡಿನಲ್ಲಿ ಟ್ರೇಲರ್ ಆ ಕಡೆ ಈ ಕಡೆ ಎಳೆದಾಡುತ್ತದೆ. ಜಾಸ್ತಿ ಬಂದರೆ ಹಿಂದೆ ಸರಿಸಿ, ಇಲ್ಲದಿದ್ದರೆ ಗಾಡಿಯ ಹಿಂಭಾಗ ಕುಸಿದು ಸ್ಟೇರಿಂಗ್ ಹಗುರಾಗುತ್ತದೆ.

ಸ್ಕಾರ್ಪಿಯೋಗೆ ಲ್ಯಾಡರ್ ಫ್ರೇಮ್, ಅಂದರೆ ಬಾಡಿಯ ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು ಇದೆ, ಅದು ಒಳ್ಳೆಯದು. ಹಿಚ್ ಆ ಫ್ರೇಮಿಗೇ ಬೋಲ್ಟ್ ಆಗಬೇಕು. ಬಂಪರ್‌ಗೆ ವೆಲ್ಡ್ ಮಾಡಿಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಅನಮೋಡ ಘಾಟ್ ಹತ್ತಿ ಕರ್ನಾಟಕದ ಕಡೆ ಒಯ್ಯುವ ಯೋಚನೆ ಇದ್ದರೆ ಟ್ರೇಲರ್‌ಗೂ ಬ್ರೇಕ್ ಇರಲಿ. ಇಳಿಜಾರಿನಲ್ಲಿ ಅದು ಹಿಂದಿನಿಂದ ತಳ್ಳುತ್ತದೆ. ಟ್ರೇಲರ್‌ಗೂ ರಿಜಿಸ್ಟ್ರೇಷನ್ ಬೇಕು, ಎಳೆಯುವ ಗಾಡಿಯ ನಂಬರ್ ಅದರ ಹಿಂದೆಯೂ ಕಾಣಬೇಕು.

ನಮ್ಮಲ್ಲಿ ಉಪ್ಪುನೀರಿನ ಕಾಟ ಬೇರೆ. ಸತು ಲೇಪನ ಮಾಡಿದ ಹಿಚ್ಚೇ ತಗೊಳ್ಳಿ. ದಡ ಮುಟ್ಟಿದ ಕೂಡಲೇ ಟ್ರೇಲರ್ ನೀರಿಗಿಳಿಸಬೇಡಿ. ಓಡಿ ಬಿಸಿಯಾದ ಹಬ್ (ಚಕ್ರದ ನಡುವಿನ ಗುಂಭ) ಒಮ್ಮೆಲೇ ತಣ್ಣಗಾದರೆ ಸಮುದ್ರದ ನೀರನ್ನು ಬೇರಿಂಗ್ ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಬಿಡಿ, ಲೈಟಿನ ಪ್ಲಗ್ ಕಿತ್ತಿಡಿ, ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ.

ಕಪ್ಲರ್ ಉಜ್ಜಿ, ಅಳತೆ ಕಾಣುವ ಹಾಗೆ ಒಂದು ಫೋಟೋ ಹಾಕಿ. ಯಾವ ಗುಂಡು ಎಂದು ನೋಡಿ ಹೇಳುತ್ತೇನೆ.