ಅಡಿಕೆ ಸುಲಿದವರು ಹಣ ಬೇಡವೆಂದದ್ದು ಏಕೆ?

ಮಾನ್ಯರೇ, ತೀರ್ಥಹಳ್ಳಿಯ ಸಮೀಪ ತೋಟ ಕೊಂಡು ಹೊಸದಾಗಿ ನೆಲೆಸಿರುವ ನೀವು, ರಾತ್ರಿ ಅಡಿಕೆ ಸುಲಿದುಕೊಟ್ಟ ನೆರೆಮನೆಯವರಿಗೆ ಹಣ ಕೊಡಲು ಹೋದಾಗ ಅವರು ಮುಖ ಸಣ್ಣದು ಮಾಡಿಕೊಂಡು ಎದ್ದುಹೋದದ್ದೇಕೆ ಎಂದು ಕೇಳಿದ್ದೀರಿ. ನನ್ನ ತಿಳಿವಳಿಕೆಯಂತೆ ಅವರು ಮುಯ್ಯಾಳಾಗಿ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸವನ್ನೇ ಬಯಸುವ ಆಳಾಗಿ, ಬಂದಿದ್ದರು. ನಾಟಿ, ಅಡಿಕೆಯ ಕೊನೆಕೊಯ್ಲುಗಳ ಕಾಲದಲ್ಲಿ ಎಲ್ಲರಿಗೂ ಒಮ್ಮೆಗೇ ಆಳು ಬೇಕಾಗುವುದರಿಂದ, ಇಂದು ನಿಮ್ಮಲ್ಲಿಗೆ ಬಂದವರ ಮನೆಗೆ ನಾಳೆ ನೀವು ಹೋಗುವ ಕ್ರಮ ಮಲೆನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ನೀವು ಹಣ ಚಾಚಿದಾಗ, ಲೆಕ್ಕ ಚುಕ್ತಾ ಆಯಿತು, ಇನ್ನು ನಮ್ಮ ನಿಮ್ಮ ನಡುವೆ ಏನೂ ಉಳಿದಿಲ್ಲ ಎಂದು ಹೇಳಿದಂತೆ ಅವರಿಗೆ ಕೇಳಿಸಿರಬೇಕು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರ ಪ್ರಬಂಧವೊಂದರಲ್ಲಿ, ಕೊಡುವುದರಷ್ಟೇ ಸ್ವೀಕರಿಸುವುದೂ ಮರಳಿಸುವುದೂ ಮನುಷ್ಯರನ್ನು ಬೆಸೆಯುವ ಕರ್ತವ್ಯಗಳು ಎಂದು ವಿವರಿಸಿದ್ದಾರೆ. ಕೂಲಿಯನ್ನೇ ನಂಬಿ ಬದುಕುವವರಿಗೆ ಮಾತ್ರ ಇದು ಅನ್ವಯಿಸದು, ಅವರ ಸಂಬಳವನ್ನು ಆ ದಿನವೇ ಕೊಡಬೇಕು; ವಿಶ್ವಾಸದ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಂಡವರೂ ನಮ್ಮ ಸೀಮೆಯಲ್ಲಿ ಇದ್ದಾರೆ. ನಿಮ್ಮ ನೆರೆಯವರ ಅಂಗಳದಲ್ಲಿ ಅಡಿಕೆ ಇನ್ನೂ ಉಳಿದಿದ್ದರೆ, ಊಟ ಮುಗಿಸಿ, ಕರೆಯುವುದನ್ನು ಕಾಯದೆ ಹೋಗಿ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತುಕೊಳ್ಳಿ. ಕೈ ಪಳಗದೆ ಕೆಲಸ ನಿಧಾನವಾದರೂ, ಅಡಿಕೆಯ ಚೊಗರು ಹಿಡಿದು ಬೆರಳು ಕಪ್ಪಾದರೂ ಅವರು ನಿಮ್ಮನ್ನು ಏಳಿಸಲಾರರು. ಹಣದ ವಿಷಯವನ್ನು ಮತ್ತೆ ಎತ್ತಬೇಡಿ, ಕ್ಷಮೆಯನ್ನೂ ಕೇಳಬೇಕಾಗಿಲ್ಲ.